ಕರ್ತೃ: ಅಜ್ಞಾತ

ಗೋಕಾಕ
12 ಜೂನ್ 2024

'ನಮ್ಮ ಸೀಮೆ' ವಿಶ್ವಕೋಶದ ಹೆಸರು ಹಾಗೂ ವಿನ್ಯಾಸ ಸಮಿತಿಯ ಘನ ಅಧ್ಯಕ್ಷರಾದ ಶ್ರೀ ಮಲ್ಲೇಶ ಅವರ ಸನ್ನಿಧಿಗೆ,

ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಹೇಳಿಕೊಳ್ಳುವ ನಿಮ್ಮ ಅಂತರ್ಜಾಲದ ಕೋಶದಲ್ಲಿ ನನ್ನ ಖಾತೆಯನ್ನು ಬಂದ್ ಮಾಡಿದ್ದೀರಿ. ಚರ್ಚೆಯ ಪುಟಕ್ಕೂ ಬೀಗ ಜಡಿದಿದ್ದೀರಿ. ತಕರಾರು ಇದ್ದವರು ಸಹಿ ಮಾಡಿದ ಕಾಗದವನ್ನು ಅಂಚೆಯಲ್ಲಿ ಕಳಿಸಬೇಕಂತೆ. ಕಂಪ್ಯೂಟರಿನ ಕೆಲಸಕ್ಕೆ ಅಂಚೆಪೆಟ್ಟಿಗೆ ಹುಡುಕಿಸುವ ಬುದ್ಧಿ ನಿಮಗಲ್ಲದೆ ಇನ್ನಾರಿಗೆ ಬಂದೀತು? ಇರಲಿ. ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡವಳು ನಾನು, ಅರ್ಜಿ ಬರೆಯುವುದು ನನಗೆ ಹೊಸದಲ್ಲ.

ನಮ್ಮ ಅವ್ವ, ಮೇಲವಂಕಿಯ ಲಕ್ಕವ್ವ, ಹಾಡುವ ಡೊಳ್ಳಿನ ಪದಗಳನ್ನು ಕಳೆದ ಚಳಿಗಾಲದಲ್ಲಿ ಒಂದೊಂದಾಗಿ ಟೈಪ್ ಮಾಡಿ ನಿಮ್ಮ ಕೋಶಕ್ಕೆ ಹಾಕಿದೆ. ಅವಳು ಅಂಗಡಿಯ ಬಾಗಿಲಲ್ಲಿ ಕುಳಿತು ಹಾಡುವಳು, ನಾನು ಕೀಲಿ ಕುಟ್ಟುತ್ತ ಹೋಗುವೆ. ಮೊನ್ನೆ ತೆರೆದು ನೋಡಿದರೆ ಪ್ರತಿಯೊಂದು ಹಾಡಿನ ಕೊನೆಯ ನುಡಿ ಮಾಯ. 'ಹೊಳಿ ದಾಟಿದ ಕುರಿ' ಹಾಡು ಹೇಗೆ ಮುಗಿಯುತ್ತದೆ ಎಂಬುದನ್ನು ಮರೆತಿದ್ದರೆ ನೆನಪಿಸುತ್ತೇನೆ:

ಊರ ಮೇಲವಂಕಿ ಐತಿ ನಮ್ಮ ಗುರುತ
ಮಾಳಪ್ಪ ಗುರುವಿನ ಮಾತ
ತಂಗಿ ಲಕ್ಕವ್ವ ಹಾಡ್ಯಾಳ ನಿಂತ
ತಪ್ಪಿದ್ರ ತಿದ್ದರಿ ಕುಂತ

ಇದನ್ನು ಕಿತ್ತು ಹಾಕಿ, ಪುಟದ ಮೇಲಿನ ಚೌಕಟ್ಟಿನಲ್ಲಿ 'ಕರ್ತೃ: ಅಜ್ಞಾತ, ಪ್ರಕಾರ: ಜನಪದ' ಎಂದು ಬರೆದಿದ್ದೀರಿ. ಯಾರ ಕೈಕೆಲಸ ಎಂದು ಪುಟದ ಇತಿಹಾಸ ತೆಗೆದು ನೋಡಿದೆ. ನಿಮ್ಮದೇ.

ಅಜ್ಞಾತಳಾದ ಲಕ್ಕವ್ವ ಸದ್ಯ ಮೇಲವಂಕಿಯ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಚೆನ್ನಾಗಿಯೇ ಇದ್ದಾಳೆ. ಅವಳು ನಿಮಗೆ ಸೋದರತ್ತೆ. ಆ ಹಾಡುಗಳನ್ನು ಕಟ್ಟಿ ಅವಳಿಗೆ ಕಲಿಸಿದ ಮಾಳಪ್ಪ ನಿಮ್ಮನ್ನು ಹೆತ್ತ ತಂದೆ. ಇಬ್ಬರನ್ನೂ ಯಾವ ನಿಯಮದ ಕೆಳಗೆ ಅಳಿಸಿದಿರಿ ಎಂದು ತಿಳಿಸುವ ಕೃಪೆಯಾಗಲಿ. ಇಬ್ಬರ ಹೆಸರೂ ವಾಪಸು ಬರುವ ತನಕ ನಾನು ಬಿಡುವವಳಲ್ಲ.

ನಿಯಮದಂತೆ ಸಹಿ ಮಾಡಿರುವ,
ಭಾಗ್ಯಾ


ಹುಕ್ಕೇರಿ
3 ಜುಲೈ 2024

ಶ್ರೀಮತಿ ಭಾಗ್ಯಾ ಅವರಿಗೆ,

ತಮ್ಮ ಪತ್ರ ತಲುಪಿತು. ಅದರ ಭಾಷೆ ಅರ್ಜಿಗೆ ತಕ್ಕುದಲ್ಲದಿದ್ದರೂ ಉತ್ತರಿಸುವುದು ನನ್ನ ಕರ್ತವ್ಯ. ಅಳಿಸಿದ ಸಾಲುಗಳನ್ನು ಮೇಲಿಂದ ಮೇಲೆ ಮರಳಿ ಹಾಕಿದ್ದಕ್ಕಾಗಿ ಮತ್ತು ಚರ್ಚೆಯ ಪುಟದಲ್ಲಿ ಸಮಿತಿಯನ್ನು 'ಕತ್ತರಿ ಸಿಕ್ಕ ಕೋತಿಗಳು' ಎಂದು ಕರೆದದ್ದಕ್ಕಾಗಿ ತಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ.

ನಾನು ಜವಾಬ್ದಾರಿ ಹೊರುವ ಮೊದಲು ಈ ಕೋಶ ಯಾವ ಸ್ಥಿತಿಯಲ್ಲಿತ್ತು ಎಂಬುದು ತಮಗೆ ತಿಳಿದಿರಲಾರದು. ಒಂದೇ ಊರಿಗೆ ಮೂರು ಹೆಸರಿನಲ್ಲಿ ಮೂರು ಪುಟ. ಒಬ್ಬ ಮಹಾಶಯ ತನ್ನ ಹಳ್ಳಿಯ ಪುಟಕ್ಕೆ 'ನಮ್ಮ ಊರ ಭಾರಿ ಚೊಲೊ ಐತಿ' ಎಂದು ಶೀರ್ಷಿಕೆ ಕೊಟ್ಟಿದ್ದ. ಇನ್ನೊಬ್ಬ ಕಾಲುವೆಯ ಬಗ್ಗೆ ಬರೆಯಲು ಕುಳಿತು ತನ್ನ ಟ್ರ್ಯಾಕ್ಟರಿನ ಚಿತ್ರ ಹಾಕಿದ್ದ, ಹಾರ ಸಹಿತ. ಇಂಥವರ ಕೈಯಿಂದ ಓದಲು ಯೋಗ್ಯವಾದ ಏನನ್ನಾದರೂ ತೆಗೆಯಬೇಕಾದರೆ ಶೀರ್ಷಿಕೆಗೆ ಒಂದು ಕ್ರಮ, ದಿನಾಂಕಕ್ಕೆ ಒಂದು ಕ್ರಮ, ಹಾಡಿನ ಪುಟಕ್ಕೆ ಒಂದು ಕ್ರಮ ಬೇಕು. ನಾನು ಅದನ್ನು ರೂಪಿಸಿದ್ದೇನೆ. ಮೂಡಲಗಿಯ ಕೇದಾರಿ ಸಮಿತಿಯಲ್ಲಿದ್ದಾರೆ, ಆದರೆ ಅವರು ಪ್ರಿಂಟಿಂಗ್ ಪ್ರೆಸ್ ನಡೆಸುವವರು, ಲಗ್ನಪತ್ರಿಕೆಯ ಆಚೆ ಅವರಿಗೆ ವಿನ್ಯಾಸ ತಿಳಿಯದು.

ತಮ್ಮ ಪ್ರಶ್ನೆಗೆ ಉತ್ತರ ಇಷ್ಟೆ. ಹಾಡಿನ ಕೊನೆಯಲ್ಲಿ ತನ್ನ ಊರು, ತನ್ನ ಗುರು, ತನ್ನ ಹೆಸರು ಹೇಳಿಕೊಳ್ಳುವುದು ಆತ್ಮಪ್ರಚಾರ. ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಆಧಾರವಾಗುವುದಿಲ್ಲ. ಈ ಹಾಡುಗಳನ್ನು ಇಂಥವರು ಕಟ್ಟಿದರು ಎಂದು ಅಚ್ಚಾದ ಪುಸ್ತಕವೋ ಪತ್ರಿಕೆಯೋ ಹೇಳಿದ್ದರೆ ಒದಗಿಸಿರಿ. ಇಲ್ಲವಾದರೆ ಕರ್ತೃ ಅಜ್ಞಾತ. ಸಂಬಂಧಿಕರ ವಿಷಯದಲ್ಲಂತೂ ನಾನು ಇನ್ನಷ್ಟು ಕಟ್ಟುನಿಟ್ಟಾಗಿರಬೇಕಾಗುತ್ತದೆ.

ಕೊನೆಯದಾಗಿ ಒಂದು ಮಾತು. ಹಿರಿಯರು ಒಂದು ಕಾಲದಲ್ಲಿ ನಮ್ಮಿಬ್ಬರ ಲಗ್ನದ ಮಾತು ಎತ್ತಿದ್ದರು, ನಾನು ಒಪ್ಪಲಿಲ್ಲ. ಆ ಕಹಿಯನ್ನು ಜ್ಞಾನದ ಕೆಲಸದಲ್ಲಿ ಬೆರೆಸದಿದ್ದರೆ ಒಳಿತು.

ಇತಿ,
ಮಲ್ಲೇಶ
ಕನ್ನಡ ಉಪನ್ಯಾಸಕರು, ಅಧ್ಯಕ್ಷರು, ಹೆಸರು ಹಾಗೂ ವಿನ್ಯಾಸ ಸಮಿತಿ


ಗೋಕಾಕ
11 ಜುಲೈ 2024

ಮಲ್ಲೇಶ,

ಸನ್ನಿಧಿ, ಕೃಪೆ ಎಲ್ಲ ಹಿಂದಿನ ಪತ್ರದಲ್ಲೇ ಖರ್ಚಾಯಿತು.

ಮೊದಲು ಲಗ್ನದ ಮಾತು. ನೀನು ಒಲ್ಲೆ ಎಂದ ವರ್ಷವೇ ನನಗೆ ಮಾಲಿಂಗ ಸಿಕ್ಕ. ಬಸ್ಸಿನ ಕಂಡಕ್ಟರ್. ಮನೆಗೆ ಬಂದವನು ಚಪ್ಪಲಿ ಬಿಚ್ಚುವ ಮೊದಲೇ ದಿನದ ಸುದ್ದಿ ಶುರು ಮಾಡುತ್ತಾನೆ, ನಗಿಸಿ ನಗಿಸಿ ಸಾಕು ಮಾಡುತ್ತಾನೆ. ಊಟದ ತಟ್ಟೆಯಲ್ಲಿ ಪಲ್ಯ ಯಾವ ಮೂಲೆಗಿರಬೇಕು ಎಂದು ನಿಯಮ ಓದುವವನ ಜೊತೆ ಬಾಳುವೆ ಮಾಡುವುದು ತಪ್ಪಿತಲ್ಲ, ಅದಕ್ಕೆ ನಿನಗೆ ಇವತ್ತಿಗೂ ಉಪಕಾರ ನೆನೆಯುತ್ತೇನೆ. ಕಹಿಯಂತೆ!

ನಿನ್ನ ಪತ್ರವನ್ನು ಮೇಲವಂಕಿಗೆ ಒಯ್ದು ಅವ್ವನಿಗೆ ಓದಿ ಹೇಳಿದೆ. ಪುಸ್ತಕದಲ್ಲಿ ಇಲ್ಲದ್ದು ಆಧಾರವಲ್ಲ ಎಂಬಲ್ಲಿಗೆ ಬಂದಾಗ ನನ್ನನ್ನು ತಡೆದಳು.

"ಪುಸ್ತಕದಾಗ ಇಲ್ಲಂದ್ರ ನಾ ಇಲ್ಲೇನು? ಅಂವ ಹುಟ್ಟಿದಾಗ ಪೇಪರಿನ್ಯಾಗ ಬಂದಿತ್ತೇನು? ನಾನ ಮೊದಲ ಎತಗೊಂಡಾಕಿ. ಹಂಗಾರ ಅಂವನೂ ಅಜ್ಞಾತನ!"

ನಾನು ನಕ್ಕೆ. ಅವಳು ನಗಲಿಲ್ಲ. "ನನ್ನ ಹೆಸರು ಹೋದ್ರ ಹೋಗ್ಲಿ ಬಿಡ. ಅಣ್ಣಂದು ಯಾಕ ತಗದಾ? ಅಪ್ಪನ್ನ ಯಾರರ ತಗೀತಾರೇನ?" ಎಂದು ಕೇಳಿದಳು. ಮುಂದೆ ಇಟ್ಟಿದ್ದ ಚಹ ಹಾಗೇ ಆರಿತು.

ಆತ್ಮಪ್ರಚಾರ ಎನ್ನುವೆಯಲ್ಲ, ಕೊನೆಯ ನುಡಿ ಯಾಕೆ ಹಾಡುತ್ತಾರೆ ಎಂಬುದು ನಿನಗೆ ಗೊತ್ತಿಲ್ಲವೇ? ಎರಡು ಮೇಳಗಳು ಎದುರುಬದುರು ನಿಂತಾಗ ಒಂದು ಹಾಡುತ್ತದೆ, ಇನ್ನೊಂದು ಜವಾಬು ಕೊಡುತ್ತದೆ. ಈ ಮಾತು ಯಾವ ಊರಿನದು, ಯಾರು ಕಲಿಸಿದ್ದು, ಯಾರ ಬಾಯಿಂದ ಬಂತು ಎಂದು ಹೇಳದಿದ್ದರೆ ಎದುರಿನವರು ಯಾರಿಗೆ ಜವಾಬು ಕೊಡಬೇಕು? ಅದು ಜಂಬವಲ್ಲ, ಹೊಣೆ. ಧಾರವಾಡಕ್ಕೆ ಓದಲು ಹೋಗುವ ತನಕ ಮಾಳಪ್ಪ ಮಾಮಾನ ಪಕ್ಕದಲ್ಲಿ ನಿಂತು ನೀನೂ ಹಾಡಿದವನು. ವಾಪಸು ಬಂದಾಗ ಬಾಯಿ ಮುಚ್ಚಿತ್ತು. ಮಾಮಾ ಸಾಯುವ ತನಕ ಯಾಕೆಂದು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಟ್ರ್ಯಾಕ್ಟರಿಗೆ ಹಾರ ಹಾಕಿದವನನ್ನು ನೋಡಿ ನಕ್ಕೆಯಲ್ಲ, ಅವನಿಗೆ ತನ್ನದೆನ್ನುವ ಒಂದು ವಸ್ತುವಿನ ಮೇಲೆ ಪ್ರೀತಿಯಾದರೂ ಇದೆ.

ಭಾಗ್ಯಾ


ಹುಕ್ಕೇರಿ
2 ಅಕ್ಟೋಬರ್ 2024

ಶ್ರೀಮತಿ ಭಾಗ್ಯಾ ಅವರಿಗೆ,

ಕೆಲಸದ ಒತ್ತಡದಿಂದ ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ ಎಂದು ತಾವು ಭಾವಿಸಿದರೂ ಅಡ್ಡಿಯಿಲ್ಲ.

ಸಮಿತಿಯ ನಿಯಮಾವಳಿಯ ಎರಡನೆಯ ಆವೃತ್ತಿಯನ್ನು ಕಳೆದ ವಾರ ಹುಕ್ಕೇರಿಯಲ್ಲಿ ಬಿಡುಗಡೆ ಮಾಡಲಾಯಿತು. ಹಾಡಿನ ಪುಟದ ಮಾದರಿಯೆಂದು ಅದರಲ್ಲಿ ತೋರಿಸಿರುವುದು 'ಹೊಳೆ ದಾಟಿದ ಕುರಿ'ಯನ್ನೇ. ಹೆಸರುಗಳ ಗದ್ದಲ ಕಳೆದ ಮೇಲೆ ಹಾಡು ಎಷ್ಟು ಸ್ವಚ್ಛವಾಗಿ ಕಾಣುತ್ತದೆ ಎಂದು ಸಭೆಯಲ್ಲಿ ಹಲವರು ಹೇಳಿದರು. ಒಬ್ಬರ ಸೊತ್ತಾಗಿದ್ದದ್ದು ಎಲ್ಲರ ಸೊತ್ತಾಗುವುದು ಹೀಗೆ. ತಮ್ಮ ಅಂಗಡಿಯ ಬಾಗಿಲಲ್ಲಿ ಕುಳಿತು ನೋಡಿದರೆ ಇದು ಕಾಣಿಸುವುದಿಲ್ಲ.

ಇನ್ನೊಂದು ಸಂಗತಿ. ನನ್ನ ಮಗಳು ಶೋಭಾ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾಳೆ. ನವೆಂಬರಿನಲ್ಲಿ ಮೂಡಲಗಿಯಲ್ಲಿ ಡೊಳ್ಳಿನ ಪದಗಳ ಸ್ಪರ್ಧೆಯಿದೆ. ಗೆಳತಿಯರ ಮೇಳ ಕಟ್ಟಿಕೊಂಡು ಅವಳು ಹಾಡಲಿದ್ದಾಳೆ, ಅದೂ ಇದೇ ಹಾಡನ್ನು. ನಾನು ಹೇಳಿಕೊಟ್ಟದ್ದಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಡುವುದಿಲ್ಲ. ತಾನೇ ಕೋಶದಲ್ಲಿ ಹುಡುಕಿ, ತಾನೇ ಆರಿಸಿ, ಗೆಳತಿಯೊಬ್ಬಳಿಂದ ಧಾಟಿ ಕಲಿತಿದ್ದಾಳೆ. ಊರು, ಗುರು, ಬಂಧುಬಳಗ ಯಾವುದರ ಹಂಗೂ ಇಲ್ಲದೆ ಒಂದು ಹೊಸ ತಲೆಮಾರಿಗೆ ಹಾಡು ತಲುಪಿದೆ. ನನ್ನ ನಿಯಮಗಳಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಈ ವಿಷಯದಲ್ಲಿ ಇದು ನನ್ನ ಕೊನೆಯ ಪತ್ರ.

ಮಲ್ಲೇಶ
ಅಧ್ಯಕ್ಷರು


ಗೋಕಾಕ
19 ನವೆಂಬರ್ 2024

ಮಲ್ಲೇಶ,

ಕೊನೆಯ ಪತ್ರ ನಿನ್ನದಿರಬಹುದು, ನನ್ನದಲ್ಲ.

ಮೂಡಲಗಿಗೆ ಹೋಗಿದ್ದೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ನಿನ್ನ ಮಗಳು ಹಾಡುತ್ತಾಳೆಂದು ಅವಳಿಗೆ ಹೇಳಿರಲಿಲ್ಲ. ತಮಾಷೆ ನೋಡಲು ಹೋದೆ, ಮುಚ್ಚಿಡುವುದೇನು? ನೀನು ಬಂದಿರಲಿಲ್ಲ. ಬೆಳಗಾವಿಯ ಯಾವುದೋ ಕಮ್ಮಟದಲ್ಲಿ ಶೀರ್ಷಿಕೆ ಹೇಗಿಡಬೇಕೆಂದು ಪಾಠ ಹೇಳುತ್ತಿದ್ದೆ ಎಂದು ಕೇದಾರಿ ಹೇಳಿದರು.

ಶೋಭಾ ಚೆನ್ನಾಗಿ ಹಾಡಿದಳು. ಇದನ್ನು ಬರೆಯಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಬರೆಯುತ್ತೇನೆ. ಕುರಿಗಳು ನೀರಿಗೆ ಇಳಿಯುವ ಜಾಗದಲ್ಲಿ ಮಾಮಾ ದನಿಯನ್ನು ತಗ್ಗಿಸುತ್ತಿದ್ದನಲ್ಲ, ಹೇಳಿಕೊಟ್ಟವರಿಲ್ಲದೆ ಅವಳೂ ಹಾಗೇ ತಗ್ಗಿಸಿದಳು. ಅವ್ವ ನನ್ನ ತೋಳು ಹಿಡಿದುಕೊಂಡಳು. ಹಾಡು ಮುಗಿಯಿತು. ಹುಡುಗಿಯರು ಡೊಳ್ಳು ನಿಲ್ಲಿಸಿದರು. ಎದುರಿನಲ್ಲಿ ದುರ್ಗಪ್ಪನ ಮೇಳ. ಜವಾಬು ಕೊಡಲು ಡೊಳ್ಳು ಹೆಗಲಿಗೇರಿಸಿ ನಿಂತಿದ್ದ ಆ ಹಿರಿಯ ಕಾಯುತ್ತಲೇ ಇದ್ದ.

"ಮುಗೀತೇನವಾ?"

"ಹೌದ್ರಿ."

"ಊರ ಹೇಳಲಿಲ್ಲ, ಗುರು ಹೇಳಲಿಲ್ಲ. ಯಾರ ಹಾಡ ಇದು?"

ಶೋಭಾ ಕೈಯಲ್ಲಿದ್ದ ಮೊಬೈಲು ನೋಡಿ, "ಗೊತ್ತಿಲ್ಲ್ರಿ. ಕರ್ತೃ ಅಜ್ಞಾತ ಅಂತ ಐತ್ರಿ" ಎಂದಳು.

"ಗುರುವಿಲ್ಲದ ಹಾಡಿಗೆ ನಾವು ಜವಾಬ ಕೊಡಂಗಿಲ್ಲ ತಂಗೀ. ಯಾರಿಗಂತ ಕೊಡೂದು?" ಎಂದ ದುರ್ಗಪ್ಪ. ಬೈಯಲಿಲ್ಲ, ಕೂಗಲಿಲ್ಲ. ಡೊಳ್ಳು ಕೆಳಗಿಟ್ಟ. ಅವನ ಮೇಳದವರೆಲ್ಲ ಒಬ್ಬೊಬ್ಬರಾಗಿ ಇಟ್ಟರು. ನಾನು ನೋಡಬೇಕೆಂದಿದ್ದ ತಮಾಷೆ ಇದೇ ಆಗಿತ್ತು. ಆದರೆ ನಿನ್ನ ಮುಖ ಇರಬೇಕಾದ ಜಾಗದಲ್ಲಿ ಆ ಹುಡುಗಿಯ ಮುಖ ಇತ್ತು. ತಾನೇನು ತಪ್ಪು ಮಾಡಿದೆ ಎಂಬುದು ಅವಳಿಗೆ ತಿಳಿಯಲಿಲ್ಲ. ಜನ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಅವ್ವ ಎದ್ದು ಸೀದಾ ವೇದಿಕೆಯ ಹತ್ತಿರ ಹೋದಳು.

"ಯಾರ ಮಗಳವಾ ನೀ?"

"ಹುಕ್ಕೇರಿ ಮಲ್ಲೇಶ ಅವರ ಮಗಳ್ರಿ."

ಅವ್ವ ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಆಮೇಲೆ ಕೇಳಿದಳು, "ಮುತ್ಯಾನ ಹೆಸರು ಗೊತ್ತೈತೇನು?"

"ಮಾಳಪ್ಪ ಅಂತ್ರಿ. ನಾ ನೋಡಿಲ್ಲ್ರಿ. ಕುರಿ ಕಾಯ್ತಿದ್ರಂತ."

"ಕುರಿನೂ ಕಾಯ್ತಿದ್ದ. ಈಗ ಹಾಡಿದೆಲ್ಲಾ, ಅದು ಅವಂದು."

ತನ್ನ ಸ್ವಂತ ಮುತ್ಯಾನನ್ನು ಅಜ್ಞಾತ ಎಂದು ಅಷ್ಟು ಜನರ ಮುಂದೆ ಆ ಹುಡುಗಿಯ ಬಾಯಿಂದ ಹೇಳಿಸಿದವನು ನೀನು. ಯಾವ ಆವೃತ್ತಿಯಲ್ಲಿ ಬೇಕಾದರೂ ಬರೆದುಕೋ. ನಿನ್ನಂಥ ಓದಿದವನನ್ನು ನೋಡಿದರೆ ನನಗೆ ಹೇಸಿಗೆಯಾಗುತ್ತದೆ.

ಭಾಗ್ಯಾ


ಹುಕ್ಕೇರಿ
30 ನವೆಂಬರ್ 2024

ಭಾಗ್ಯಾ ಅವರಿಗೆ,

ಹೀಗಾಗುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತು. ಒಂದು ಸಾಲು ಬರೆದು ಎಚ್ಚರಿಸಬಹುದಿತ್ತು. ನನ್ನ ಮೇಲಿನ ಸಿಟ್ಟಿಗೆ ಏನೂ ಅರಿಯದ ಹುಡುಗಿಯನ್ನು ಬಲಿ ಕೊಟ್ಟಿರಿ. ನನ್ನ ನಿಯಮಗಳು ಯಾರನ್ನೂ ಸಭೆಯಲ್ಲಿ ತಲೆ ತಗ್ಗಿಸುವಂತೆ ಮಾಡಿಲ್ಲ, ನಿಮ್ಮ ಸಂಪ್ರದಾಯ ಮಾಡಿತು. ಆ ದುರ್ಗಪ್ಪನಂಥವರು ಇನ್ನೂ ಇದ್ದಾರೆಂದೇ ನಾನು ನಿಯಮ ಬರೆಯಬೇಕಾಗಿ ಬಂದದ್ದು.

ಶೋಭಾ ನನ್ನ ಫೋನು ಎತ್ತುತ್ತಿಲ್ಲ. ಅವಳ ತಾಯಿಯ ಜೊತೆ ಮಾತ್ರ ಮಾತಾಡುತ್ತಾಳೆ. ಭಾನುವಾರಗಳಂದು ಅರಭಾವಿಯಿಂದ ಬಸ್ಸು ಹತ್ತಿ ಮೇಲವಂಕಿಗೆ ಹೋಗುತ್ತಾಳೆಂದು ತಿಳಿಯಿತು. ಅಲ್ಲಿ ಅವಳಿಗೆ ಏನು ಕೆಲಸ? ಓದುವ ಹುಡುಗಿಯ ತಲೆ ಕೆಡಿಸಬೇಡಿರಿ. ಕ್ರಿಸ್‌ಮಸ್ ರಜೆಗೆ ಮನೆಗೆ ಬರುವಂತೆ ಹೇಳಿರಿ.

ಮಲ್ಲೇಶ


ಗೋಕಾಕ
27 ಡಿಸೆಂಬರ್ 2024

ಮಲ್ಲೇಶ,

ಎಚ್ಚರಿಸಬಹುದಿತ್ತು, ಎಚ್ಚರಿಸಲಿಲ್ಲ. ಅದಕ್ಕೆ ಶೋಭಾಳ ಕೈ ಹಿಡಿದು ತಪ್ಪಾಯಿತೆಂದು ಹೇಳಿದ್ದೇನೆ. ನಿನಗೆ ಹೇಳುವುದಿಲ್ಲ. ಡೊಳ್ಳು ಕೆಳಗಿಡುತ್ತಾರೆ ಎಂಬುದು ನನಗೆಷ್ಟು ಗೊತ್ತಿತ್ತೋ ನಿನಗೂ ಅಷ್ಟೇ ಗೊತ್ತಿತ್ತು. ನಿಯಮ ಬರೆದರೆ ಜನ ತಮ್ಮ ರೀತಿ ಬಿಡುತ್ತಾರೆಂದು ನೀನು ನಂಬಿದೆ. ಹುಕ್ಕೇರಿಯ ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬನಾದರೂ ಜೀವಮಾನದಲ್ಲಿ ಡೊಳ್ಳು ಮುಟ್ಟಿದ್ದನೇ?

ಅವಳು ರಜೆಗೆ ಮೇಲವಂಕಿಯಲ್ಲೇ ಇದ್ದಾಳೆ. ನಾವು ಹಿಡಿದಿಟ್ಟುಕೊಂಡಿಲ್ಲ. ಹುಕ್ಕೇರಿಯ ಬಸ್ಸು ಎಷ್ಟು ಹೊತ್ತಿಗೆಂದು ಮಾಲಿಂಗ ಹೇಳಿದ, ಅವಳು ಕೇಳಿಸಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಅವ್ವನ ಜೊತೆ ಕೊಟ್ಟಿಗೆ ಗುಡಿಸುತ್ತಾಳೆ, ಮಧ್ಯಾಹ್ನ ಹಾಡುತ್ತಾಳೆ. ಅವ್ವ ಬೈದು ಬೈದು ಕಲಿಸುತ್ತಾಳೆ. "ಉಸರ ಅಲ್ಲಿ ಬಿಡಬ್ಯಾಡ, ಕುರಿ ಇನ್ನ ನೀರಾಗ ಅದಾವು!" ಎಂದು ಗದರುತ್ತಾಳೆ. ಹುಡುಗಿ ನಕ್ಕು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ.

ಕಲಿತವರು ಕೊನೆಯ ನುಡಿಯನ್ನು ತಮ್ಮ ಬಾಯಿಗೆ ಹೊಂದಿಸಿಕೊಳ್ಳುತ್ತಾರೆ ಎಂಬುದೂ ನಿನಗೆ ಗೊತ್ತು. ಮೊನ್ನೆ ಅದನ್ನು ಕಟ್ಟಿದರು.

ಊರ ಮೇಲವಂಕಿ ಐತಿ ನಮ್ಮ ಗುರುತ
ಮಾಳಪ್ಪ ಮುತ್ಯಾನ ಮಾತ
ಲಕ್ಕವ್ವ ಕಲಿಸ್ಯಾಳ ಬಾಜೂಕ ಕುಂತ
ಶೋಭಾ ಹಾಡ್ಯಾಳ ನಿಂತ

ಹುಣ್ಣಿಮೆಯ ಮಾರನೆಯ ದಿನ ದುರ್ಗಪ್ಪನ ಮೇಳ ಮೇಲವಂಕಿಗೆ ಬರುತ್ತದೆ. ಜವಾಬು ಬಾಕಿ ಉಳಿದಿದೆ ಎಂದು ಅವನೇ ಹೇಳಿ ಕಳಿಸಿದ್ದಾನೆ.

ಭಾಗ್ಯಾ


ಹುಕ್ಕೇರಿ
20 ಜನವರಿ 2025

ಭಾಗ್ಯಾ,

ಕೊನೆಯ ನುಡಿಗಳನ್ನು ಎಲ್ಲ ಪುಟಗಳಿಗೆ ಮರಳಿ ಹಾಕಿದ್ದೇನೆ. ನಾನೇ ಕುಳಿತು ಹಾಕಿದೆ. ಚೌಕಟ್ಟಿನಲ್ಲಿ ಇಬ್ಬರ ಹೆಸರೂ ಇದೆ. ನಿನ್ನ ಖಾತೆಯ ತಡೆ ತೆಗೆದಿದೆ. ಇದನ್ನು ಸೋಲು ಎಂದು ಊರೆಲ್ಲ ಹೇಳಿಕೊಂಡು ತಿರುಗಬೇಡ. ಶೀರ್ಷಿಕೆ, ದಿನಾಂಕದ ನಿಯಮಗಳು ಹಾಗೇ ಇವೆ ಮತ್ತು ಅವು ಸರಿಯಾಗಿವೆ. ನೀನು ಟೈಪ್ ಮಾಡಿದ ಪುಟಗಳಲ್ಲಿ ಅಲ್ಪವಿರಾಮಕ್ಕೆ ದಿಕ್ಕಿಲ್ಲ, ಅದನ್ನೂ ತಿದ್ದಿದ್ದೇನೆ.

ಮೇಲವಂಕಿಯಲ್ಲಿ ದುರ್ಗಪ್ಪನ ಮೇಳ ಬೆಳಗಿನ ತನಕ ಜವಾಬು ಕೊಟ್ಟಿತು ಎಂದು ಕೇದಾರಿ ಫೋನಿನಲ್ಲಿ ಹೇಳಿದರು. ಕೊನೆಯ ನುಡಿಯನ್ನೂ ಕೇಳಿಸಿದರು, ತಮ್ಮ ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು.

ಅಪ್ಪನ ಹೆಸರು ಇದೆ. ಅತ್ತೆಯ ಹೆಸರು ಇದೆ. ಮಗಳ ಹೆಸರು ಇದೆ. ಅಪ್ಪನಿಗೂ ಮಗಳಿಗೂ ನಡುವೆ ಇನ್ನೊಂದು ಹೆಸರು ಬರಬಹುದಿತ್ತು. ಎರಡನೆಯ ಸಾಲಿನಲ್ಲಿ ಜಾಗವಿದೆ, ತಾಳವೂ ತಪ್ಪುವುದಿಲ್ಲ. ಹಾಕಲು ಬರುತ್ತದೆಯೇ ಎಂದು ಅತ್ತೆಯನ್ನು ಒಂದು ಮಾತು ಕೇಳು.

ಮಲ್ಲೇಶ


ಗೋಕಾಕ
29 ಜನವರಿ 2025

ಮಲ್ಲೇಶ,

ಪುಟಗಳನ್ನು ನೋಡಿದೆ. ಧನ್ಯವಾದ ಹೇಳುವುದಿಲ್ಲ. ಕಿತ್ತದ್ದನ್ನು ಕಿತ್ತವನೇ ಹಾಕಿದರೆ ಅದಕ್ಕೆ ಹಾರ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಪವಿರಾಮಗಳನ್ನು ಇಟ್ಟುಕೋ, ನನಗೆ ಬೇಡ.

ಪತ್ರವನ್ನು ಮೇಲವಂಕಿಗೆ ಒಯ್ದೆ. ಭಾನುವಾರವಾದ್ದರಿಂದ ಶೋಭಾ ಅಲ್ಲೇ ಇದ್ದಳು. ನಿನ್ನ ಕೊನೆಯ ಮಾತುಗಳನ್ನು ಓದುವಾಗ ಅಣಕಿಸಿ ಓದಬೇಕೆಂದಿದ್ದೆ, ಅದೇಕೋ ಆಗಲಿಲ್ಲ. ಅವ್ವ ಕೇಳಿಸಿಕೊಂಡು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಹೆಸರು ಕೊಡಾಕ ನಾ ಯಾರ? ಹಾಡಿದವರ ಹೆಸರು ತಾನ ಬರತೈತಿ. ಅವಗ ಎಲ್ಲಾ ಹಾಡ ಬರ್ತಾವು, ಅಣ್ಣ ಕೂಡಿಸಿ ಕಲಿಸ್ಯಾನು. ಬಂದು ಹಾಡಂತ ಹೇಳು. ಇಲ್ಲಂದ್ರ ಇಲ್ಲ."

ಶೋಭಾ ಕಸಬರಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಹೆಸರು ಸೇರಿಸುವುದಕ್ಕೆ ನಿನ್ನ ಅಡ್ಡಿ ಇದೆಯೇನು ಎಂದು ಅವಳನ್ನೂ ಕೇಳಿದೆ. ಅವಳು ಅವ್ವನ ಕಡೆ ತಿರುಗಿ, "ಆಯಿ, ಅಪ್ಪಾಗ ಹಾಡಾಕ ಬರತೈತೇನ್ರಿ?" ಎಂದು ಕೇಳಿದಳು.

ಭಾಗ್ಯಾ